ರಾಮನಗರದ ಸುತ್ತಲಿನ ಬೆಟ್ಟಗಳು: ಯಾವುದನ್ನು ಮೊದಲು ಹತ್ತಬೇಕು, ಹೇಗೆ ಹತ್ತಬೇಕು

ರಾಮನಗರದಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ಒಂದು ಬಂಡೆಬೆಟ್ಟದ ಬುಡ ಸಿಗುತ್ತದೆ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಈ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಮಲೆನಾಡಿನ ಕಾಡುದಾರಿಗಳಲ್ಲಿ ನಡೆದು ಪಳಗಿದವರಿಗೂ ಈ ಬೆಟ್ಟಗಳು ಹೊಸ ಪಾಠ ಕಲಿಸುತ್ತವೆ. ಏಕೆಂದರೆ ಇಲ್ಲಿ ದಾರಿ ಎಂದರೆ ಬಹುಮಟ್ಟಿಗೆ ಹಾಸುಬಂಡೆಯೇ, ನೆರಳು ಅಪರೂಪ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆದ್ದರಿಂದ ಎತ್ತರದ ಅಂಕಿಯನ್ನು ನೋಡಿ ಬೆಟ್ಟವನ್ನು ಆರಿಸದೆ, ಬಂಡೆಯ ಇಳಿಜಾರು ಮತ್ತು ಜೊತೆಗಿರುವವರ ಅಭ್ಯಾಸವನ್ನು ನೋಡಿ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ ಊರಿನ ಪಕ್ಕದ ರಾಮದೇವರ ಬೆಟ್ಟದಿಂದಲೇ ಆರಂಭಿಸುವುದು ಸರಿ. ಕಲ್ಲಿನ ಮೆಟ್ಟಿಲುಗಳಿವೆ, ಮೇಲೆ ಪಟ್ಟಾಭಿರಾಮನ ದೇವಾಲಯವಿದೆ. 1975ರಲ್ಲಿ ತೆರೆಕಂಡ ‘ಶೋಲೆ’ಯ ಚಿತ್ರೀಕರಣ ನಡೆದ ಜಾಗವೆಂದು ಬಹಳ ಮಂದಿ ಇಲ್ಲಿಗೆ ಬರುತ್ತಾರಾದರೂ, ಈ ಬೆಟ್ಟದ ನಿಜವಾದ ಹಿರಿಮೆ ಇರುವುದು ಅದರ ರಣಹದ್ದುಗಳಲ್ಲಿ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿಯಿಂದ ದೇಶದಾದ್ಯಂತ ರಣಹದ್ದುಗಳ ಸಂತತಿ ಕುಸಿದುಹೋದ ಮೇಲೆ, ಉಳಿದ ಕೆಲವೇ ಉದ್ದಕೊಕ್ಕಿನ ರಣಹದ್ದುಗಳ ರಕ್ಷಣೆಗಾಗಿ 2012ರಲ್ಲಿ ಇದನ್ನು ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು. ಈ ಹಕ್ಕಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಚಾರಣಿಗರು ಹೆಚ್ಚಾಗಿ ಬರುವ ಚಳಿಗಾಲದ ತಿಂಗಳುಗಳಲ್ಲಿ. ಹಾಗಾಗಿ ಇಲ್ಲಿ ಕೂಗಾಡುವುದು, ಸ್ಪೀಕರ್ ಹಚ್ಚುವುದು, ಡ್ರೋನ್ ಹಾರಿಸುವುದು ಯಾವುದನ್ನೂ ದಯವಿಟ್ಟು ಮಾಡಬೇಡಿ. ಒಂದು ಗೂಡು ಕೆಟ್ಟರೆ ಆ ಜೋಡಿಗೆ ಆ ವರ್ಷವೇ ಕೆಟ್ಟಂತೆ. ದುರ್ಬೀನು ಇದ್ದರೆ ಮೆಟ್ಟಿಲುದಾರಿಯನ್ನು ಬಿಡದೆಯೇ ಬಂಡೆಯ ಗೋಡೆಗಳನ್ನು ನೋಡಬಹುದು.

ಎರಡನೆಯದಾಗಿ ರೇವಣ ಸಿದ್ಧೇಶ್ವರ ಬೆಟ್ಟವನ್ನು ಹತ್ತಿ. ಇಲ್ಲಿಯೂ ಮೆಟ್ಟಿಲುಗಳಿವೆ, ಕಡಿದಾದ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳಿವೆ. ಎತ್ತರದ ಬಂಡೆಯ ಮೇಲೆ ನಿಂತಾಗ ತಲೆ ತಿರುಗುತ್ತದೆಯೇ ಇಲ್ಲವೇ ಎಂಬುದನ್ನು ಅಪಾಯವಿಲ್ಲದೆ ತಿಳಿದುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಕಾಲು ನಡುಗಿದವರು ಮುಂದಿನ ಬೆಟ್ಟಕ್ಕೆ ಹೋಗುವ ಆತುರ ಪಡಬಾರದು.

ಆ ಮುಂದಿನ ಬೆಟ್ಟವೇ ಮಾಗಡಿ ಸಮೀಪದ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಈ ಏಕಶಿಲಾ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಭಾಗಗಳಿದ್ದು, ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಮೇಲೆ ಕೆಂಪೇಗೌಡರ ವಂಶದವರ ಕಾಲದ ಕೋಟೆಯ ಗೋಡೆಗಳೂ ತುದಿಯಲ್ಲಿ ನಂದಿಯ ಮಂಟಪವೂ ಉಳಿದಿವೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ವಶಪಡಿಸಿಕೊಂಡಿತು.

ಸಾವನದುರ್ಗದಲ್ಲಿ ದಾರಿ ತಪ್ಪುವುದು ಬಹುತೇಕ ಇಳಿಯುವಾಗ. ಹತ್ತುವಾಗ ಬಂಡೆಯ ಮೇಲೆ ಬರೆದಿರುವ ಬಾಣದ ಗುರುತುಗಳು ಕಣ್ಣೆದುರಿಗೇ ಇರುತ್ತವೆ. ಮೇಲಿನಿಂದ ನೋಡಿದಾಗ ಎಲ್ಲ ಇಳಿಜಾರುಗಳೂ ಒಂದೇ ರೀತಿ ಕಾಣುತ್ತವೆ, ಅವುಗಳಲ್ಲಿ ಕೆಲವು ನೇರ ಪ್ರಪಾತದಲ್ಲಿ ಮುಗಿಯುತ್ತವೆ. ಆದ್ದರಿಂದ ಹತ್ತುವಾಗಲೇ ಆಗಾಗ ನಿಂತು, ಹಿಂದಿರುಗಿ, ಇಳಿಯುವಾಗ ದಾರಿ ಹೇಗೆ ಕಾಣುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಗುರುತು ಕಾಣದಿದ್ದರೆ ಕೆಳಗೆ ಇಳಿಯುತ್ತಾ ಹುಡುಕಬಾರದು. ಕೊನೆಯ ಗುರುತು ಕಂಡ ಜಾಗಕ್ಕೆ ಮತ್ತೆ ಹತ್ತಿ ಅಲ್ಲಿಂದ ಹುಡುಕಬೇಕು. ಇಳಿಯುವಾಗ ಮಂಡಿಯನ್ನು ಸ್ವಲ್ಪ ಬಾಗಿಸಿ, ಪೂರ್ತಿ ಅಂಗಾಲು ಬಂಡೆಗೆ ತಾಗುವಂತೆ ಸಣ್ಣ ಹೆಜ್ಜೆಗಳನ್ನಿಡಿ. ಧೈರ್ಯ ಸಾಲದ ಕಡೆ ಕುಳಿತು ಜರುಗಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಅಟ್ಟೆ ಸವೆದ ಬೂಟುಗಳಿಗಿಂತ ಮೆತ್ತನೆಯ ರಬ್ಬರ್ ಅಟ್ಟೆಯ ಸಾಧಾರಣ ಬೂಟುಗಳೇ ಇಲ್ಲಿ ಮೇಲು.

ಬಂಡೆಯನ್ನು ಓದುವುದನ್ನೂ ಕಲಿಯಬೇಕು. ಅದರ ಮೇಲಿನ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಡುಗಳು. ಅಲ್ಲಿ ಒಣಗಿದ ಪಾಚಿ ಇರುತ್ತದೆ, ಒಂದು ತುಂತುರು ಮಳೆ ಬಿದ್ದರೂ ಸಾಕು, ಕಾಲು ನಿಲ್ಲುವುದಿಲ್ಲ. ಬಿಸಿಲು, ತಂಪುಗಳಿಗೆ ಸಿಕ್ಕಿ ಗ್ರಾನೈಟ್ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ತುಳಿದಾಗ ಟೊಳ್ಳು ಸದ್ದು ಬರುವ ಪದರದ ಮೇಲೆ ಭಾರ ಹಾಕಬೇಡಿ. ಈ ಭಾಗದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೇ ಮಳೆ ಜೋರು, ಆದ್ದರಿಂದ ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗಿನ ಕಾಲ ಚಾರಣಕ್ಕೆ ಪ್ರಶಸ್ತ. ಆಗಲೂ ಬೆಳಕು ಹರಿದೊಡನೆ ಹೊರಟು, ಬಂಡೆ ಕಾಯುವ ಮೊದಲೇ ಕೆಳಗೆ ಬಂದುಬಿಡಬೇಕು. ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು. ಬೆಟ್ಟದ ಮೇಲಿನ ದೊಣೆಗಳ ನೀರನ್ನು ಕುಡಿಯಲು ನೆಚ್ಚಿಕೊಳ್ಳಬಾರದು.

ಬಂಡೆಯ ಚಾಚುಗಳ ಅಡಿಯಲ್ಲಿ ಹೆಜ್ಜೇನಿನ ಹುಟ್ಟುಗಳಿರುತ್ತವೆ. ಸುಗಂಧದ್ರವ್ಯ ಹಚ್ಚಿಕೊಂಡು ಹೋಗುವುದು, ಹೊಗೆ ಹಾಕುವುದು, ಕಲ್ಲು ಎಸೆಯುವುದು ಪ್ರಾಣಕ್ಕೇ ಎರವಾಗಬಹುದು. ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಕಾಲಿಡುವ ಜಾಗವನ್ನು ನೋಡಿಕೊಂಡೇ ದೂರ ಸರಿಯಿರಿ. ಕರಡಿ ಮತ್ತು ಚಿರತೆಗಳೂ ಇಲ್ಲಿವೆ. ಮುಂಜಾನೆಯ ಕತ್ತಲಲ್ಲಿ, ಸಂಜೆಯ ಮೇಲೆ ಪೊದೆಗಳ ನಡುವೆ ಒಬ್ಬೊಬ್ಬರೇ ನಡೆಯಬಾರದು.

ಬಿಸಿಲಿಗಿಂತ ಇತಿಹಾಸದ ಮೇಲೆ ಮನಸ್ಸಿರುವವರಿಗೆ ಕುಣಿಗಲ್ ಕಡೆಯ ಉತ್ತರಿದುರ್ಗ ಹೆಚ್ಚು ಹಿಡಿಸುತ್ತದೆ. ಒಂದರ ನಂತರ ಒಂದು ಕೋಟೆಬಾಗಿಲನ್ನು ದಾಟುತ್ತಾ ನಿಧಾನವಾಗಿ ಏರುವ ದಾರಿ ಅದು. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗವನ್ನು ಕೊನೆಗೆ ಇಟ್ಟುಕೊಳ್ಳಿ. ದಳವಾಯಿಗಳು ಪದಚ್ಯುತಗೊಳಿಸಿದ ಏಳನೆಯ ಚಾಮರಾಜ ಒಡೆಯರ್ 1734ರಲ್ಲಿ ಸೆರೆಯಲ್ಲಿ ತೀರಿಕೊಂಡದ್ದು ಇದೇ ಬೆಟ್ಟದಲ್ಲಿ. ಈ ಕಡಿದಾದ ಬಂಡೆಯನ್ನು ಹತ್ತುವಾಗ, ಸೆರೆಮನೆಗೆಂದು ಇದನ್ನೇ ಏಕೆ ಆರಿಸಿಕೊಂಡರು ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಹೊರಡುವ ಮೊದಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣವನ್ನು ನೋಡಿ, ನೀವು ಆರಿಸಿದ ಬೆಟ್ಟಕ್ಕೆ ಮುಂಗಡ ಅನುಮತಿ ಬೇಕಿದ್ದರೆ ಪಡೆದುಕೊಳ್ಳಿ. ಸಾವನದುರ್ಗದಿಂದ ಮರಳುವಾಗ ಮಂಚನಬೆಲೆ ಜಲಾಶಯದ ನೀರಿಗೆ ಇಳಿಯಬೇಡಿ. ಅಲ್ಲಿ ಮುಳುಗಿ ಸತ್ತವರಿದ್ದಾರೆ. ಯಾವ ಬೆಟ್ಟ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೊರಡಿ. ತೊಂದರೆಯಾದರೆ 112ಕ್ಕೆ ಕರೆ ಮಾಡಿ, ಬೆಟ್ಟದ ಹೆಸರಿನ ಜೊತೆಗೆ ಯಾವ ಗುಡಿ ಅಥವಾ ಊರಿನ ಕಡೆಯಿಂದ ಹತ್ತಿದಿರಿ ಎಂಬುದನ್ನೂ ತಿಳಿಸಿ.