ಮೆಕ್ಕೆಜೋಳದ ಲೋಡಿಗೆ ಚೈನ್ ಆಫ್ ರೆಸ್ಪಾನ್ಸಿಬಿಲಿಟಿ: ನನ್ನ ಅನುಭವ

ದಾವಣಗೆರೆಯಲ್ಲಿ ಮೆಕ್ಕೆಜೋಳ ಕೊಳ್ಳುವ ಒಂದು ಗೋಡೌನಿನ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ಜಾವಾದಲ್ಲಿ ಬರೆದದ್ದು. ಅದರಲ್ಲಿ ಒಂದು ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಇತ್ತು. ಗೇಟಿಗೆ ಬಂದ ಲೋಡ್ ಸೀದಾ ತೂಕಕ್ಕೆ ಹೋಗಬೇಕಾ, ಒಣಗಿಸುವ ಕಣಕ್ಕಾ, ಜರಡಿಗಾ, ಇಲ್ಲಾ ವಾಪಸ್ಸಾ ಅಂತ ತೀರ್ಮಾನಿಸುವುದು ಅದರ ಕೆಲಸ. ಇಫ್ (ಷರತ್ತು) ಒಳಗೆ ಇಫ್, ಅದರೊಳಗೆ ಮತ್ತೊಂದು ಇಫ್. ಸೀಸನ್‌ನಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುವಾಗ "ಈ ರೂಲ್ ಸ್ವಲ್ಪ ಬದಲಿಸಿ ಸಾರ್" ಅಂತ ಫೋನ್ ಬಂದರೆ, ಆ ಮೆಥಡ್ ಮುಟ್ಟೋಕೆ ಯಾರಿಗೂ ಧೈರ್ಯ ಇರುತ್ತಿರಲಿಲ್ಲ.

ಅದನ್ನು ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ಅನ್ನುವ ಪ್ಯಾಟರ್ನ್ (ಕೋಡ್ ಜೋಡಿಸುವ ಒಂದು ರೂಢಿಯ ವಿಧಾನ) ಪ್ರಕಾರ ಒಡೆದು, ಒಂದೊಂದು ಪರೀಕ್ಷೆಗೆ ಒಂದೊಂದು ಕ್ಲಾಸ್, ಅಂದರೆ ಹ್ಯಾಂಡ್ಲರ್, ಮಾಡಿದೆ. ಎಲ್ಲಕ್ಕೂ ತಳಹದಿಯಾಗಿ ಒಂದೇ ಅಬ್‌ಸ್ಟ್ರಾಕ್ಟ್ ಕ್ಲಾಸ್, ಅದರಲ್ಲಿ ಒಂದು ಹ್ಯಾಂಡಲ್ ಮೆಥಡ್, ಮುಂದಿನವನ ರೆಫರೆನ್ಸ್ ಇಟ್ಟುಕೊಳ್ಳುವ ಒಂದು ಫೀಲ್ಡ್. ಲೋಡ್ ತನ್ನ ಕೈಗೆ ಬಂದಾಗ ಹ್ಯಾಂಡ್ಲರ್ ತೀರ್ಮಾನ ಕೊಡಬೇಕು, ಇಲ್ಲವೇ ಮುಂದಿನವನಿಗೆ ದಾಟಿಸಬೇಕು. ಗೇಟಿನ ಕೋಡಿಗೆ ಮೊದಲ ಹ್ಯಾಂಡ್ಲರ್ ಮಾತ್ರ ಗೊತ್ತು, ತೀರ್ಮಾನ ಕೊಟ್ಟವರು ಯಾರು ಅನ್ನೋದು ಅದಕ್ಕೆ ಬೇಕಿಲ್ಲ. ಸರ್ವ್ಲೆಟ್ ಫಿಲ್ಟರ್ (ಜಾವಾ ವೆಬ್ ಸರ್ವರಿಗೆ ಬರುವ ರಿಕ್ವೆಸ್ಟುಗಳನ್ನು ಸಾಲಾಗಿ ನೋಡುವ ಕೋಡ್) ಬರೆದವರಿಗೆ ಇದು ಹೊಸದೇನಲ್ಲ.

ಇಷ್ಟು ಬರೆಯೋದು ಸುಲಭ. ನಿಜವಾದ ಕೆಲಸ ಇರೋದು ಸಾಲಿನ ಕ್ರಮದಲ್ಲಿ. ಮೊದಲು ತೇವಾಂಶ ನೋಡಿದರೆ ಏನಾಗುತ್ತೆ? 14 ಪರ್ಸೆಂಟ್ ದಾಟಿದ ಲೋಡೆಲ್ಲ ಕಣಕ್ಕೆ ಹೋಗುತ್ತೆ. ಅದರಲ್ಲಿ ಬೂಷ್ಟು ಹಿಡಿದದ್ದೂ ಇದ್ದರೆ ಒಳ್ಳೆ ಕಾಳಿನ ಪಕ್ಕದಲ್ಲೇ ಹರವಿ ಬಿಡುತ್ತಾರೆ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಒಣಗಿಸಿದರೆ ಹೋಗೋದಿಲ್ಲ, ಈ ಜೋಳ ಕೋಳಿ ಆಹಾರಕ್ಕೆ ಹೋಗುವಂಥದ್ದು ಬೇರೆ. ಗೋಡೌನಿನ ಮ್ಯಾನೇಜರ್ ಒಂದೇ ಮಾತಲ್ಲಿ ಹೇಳಿದರು: "ಬೂಷ್ಟು ಮೊದ್ಲು ನೋಡಿ ಸಾರ್, ಮಿಕ್ಕಿದ್ದು ಆಮೇಲೆ." ಹಾಗಾಗಿ ಬೂಷ್ಟು, ಆಮೇಲೆ ತೇವಾಂಶ, ಆಮೇಲೆ ಕಸ ಮತ್ತು ನುಚ್ಚು. ಈ ಕ್ರಮ ಯಾವ ಹ್ಯಾಂಡ್ಲರ್ ಒಳಗೂ ಇಲ್ಲ. ಸಾಲು ಕಟ್ಟುವ ಒಂದೇ ಒಂದು ಮೆಥಡ್‌ನಲ್ಲಿದೆ, ಮ್ಯಾನೇಜರ್‌ಗೂ ಓದಿ ತೋರಿಸಬಹುದು. ಹ್ಯಾಂಡ್ಲರ್‌ಗಳೇ ತಮ್ಮ ಮುಂದಿನವನನ್ನು ನ್ಯೂ ಹಾಕಿ ಸೃಷ್ಟಿಸಿಕೊಳ್ಳುವ ಕೋಡ್ ಅಲ್ಲಲ್ಲಿ ನೋಡಿದ್ದೇನೆ. ಹಾಗೆ ಮಾಡಿದರೆ ಈ ಪ್ಯಾಟರ್ನ್ ಹಾಕಿಯೂ ಪ್ರಯೋಜನ ಇಲ್ಲ.

ಎರಡನೇ ವಿಷಯ ಸಾಲಿನ ಕೊನೆ. ಯಾರೂ ಕೈ ಹಾಕದ ಲೋಡ್ ಏನಾಗಬೇಕು? ಈ ಪ್ಯಾಟರ್ನ್ ಅದಕ್ಕೆ ಯಾವ ಗ್ಯಾರಂಟಿಯನ್ನೂ ಕೊಡೋದಿಲ್ಲ, ರಿಕ್ವೆಸ್ಟ್ (ಇಲ್ಲಿ ಲೋಡ್) ಸುಮ್ನೆ ಕೊನೆಯಿಂದ ಜಾರಿ ಹೋಗಬಹುದು. ಕೊನೆಯಲ್ಲಿ ನಲ್ (ಏನೂ ಇಲ್ಲ ಅನ್ನುವ ಗುರುತು) ಬಿಟ್ಟು, ಅದನ್ನೇ "ಎಲ್ಲಾ ಸರಿ ಇದೆ" ಅಂತ ಓದಿಕೊಳ್ಳೋದು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಮೀಟರಿನ ಬ್ಯಾಟರಿ ಹೋಗಿ ತೇವಾಂಶ ಅಳೆಯದ ಲೋಡ್ ಕೂಡ ಯಾವ ಹ್ಯಾಂಡ್ಲರ್‌ಗೂ ಸಿಗದೆ ಕೊನೆ ಮುಟ್ಟುತ್ತೆ, ಅಲ್ವಾ? ಅದಕ್ಕೇ ಇಲ್ಲಿ ಎರಡು ಹ್ಯಾಂಡ್ಲರ್ ಇಟ್ಟೆ. ಒಂದು, ಎಲ್ಲ ಅಳತೆ ಇದ್ದರೆ ಮಾತ್ರ "ತೂಕಕ್ಕೆ ಹೋಗಲಿ" ಅನ್ನುವುದು. ಅದರ ಹಿಂದೆ ಇನ್ನೊಂದು, ಯಾವ ಪ್ರಶ್ನೆಯೂ ಕೇಳದೆ "ಮ್ಯಾನೇಜರ್ ನೋಡಲಿ" ಅನ್ನುವುದು. ತೇವಾಂಶದ ಫೀಲ್ಡನ್ನು ಸಣ್ಣಕ್ಷರದ ಡಬಲ್ (ಬರೀ ಸಂಖ್ಯೆ ಹಿಡಿಯುವ ಜಾವಾ ಟೈಪ್) ಆಗಿ ಇಡಲಿಲ್ಲ, ಅದು ಖಾಲಿ ಇದ್ದರೆ ಸೊನ್ನೆ ಆಗುತ್ತೆ. ಸೊನ್ನೆ ತೇವಾಂಶ ಅಂದರೆ ಭಾರಿ ಒಣಗಿದ ಜೋಳ!

ದರ ಕಡಿತವನ್ನೂ ಇದೇ ಚೈನಿಗೆ ಸೇರಿಸೋಣ ಅಂತ ತಂಡದಲ್ಲಿ ಮಾತು ಬಂತು. ನಾನು ಬೇಡ ಅಂದೆ. ಕಸಕ್ಕಿಷ್ಟು, ನುಚ್ಚಿಗಿಷ್ಟು ಅಂತ ಒಂದೇ ಲೋಡಿಗೆ ಹಲವು ಕಡಿತ ಬೀಳುತ್ತವೆ, ಅಲ್ಲಿ ಒಬ್ಬರು ತೀರ್ಮಾನಿಸಿ ನಿಲ್ಲಿಸುವ ಮಾತೇ ಇಲ್ಲ. ಒಂದು ಲಿಸ್ಟ್, ಒಂದು ಫಾರ್ ಲೂಪ್ ಸಾಕು. ಸರ್ವ್ಲೆಟ್ ಫಿಲ್ಟರ್‌ಗಳು ಕೆಲಸ ಮಾಡಿ ಮುಂದಕ್ಕೂ ಕಳಿಸುತ್ತವೆ, ಅದೂ ಸರಿಯೇ. ಆದರೆ ಕೆಲವು ನಿಲ್ಲಿಸುವುವು, ಕೆಲವು ದಾಟಿಸುವುವು ಅಂತ ಒಂದೇ ಸಾಲಲ್ಲಿ ಬೆರೆತರೆ ಓದುವವನ ಗತಿ ಅಷ್ಟೇ.

ಆಮೇಲೆ ತೇವಾಂಶ 12 ದಾಟಬಾರದು ಅನ್ನುವ ಖರೀದಿದಾರರೊಬ್ಬರು ಬಂದರು. ಮಿತಿಯನ್ನು ಹ್ಯಾಂಡ್ಲರ್ ಸೃಷ್ಟಿಸುವಾಗಲೇ, ಅಂದರೆ ಕನ್‌ಸ್ಟ್ರಕ್ಟರ್‌ನಲ್ಲೇ ಕೊಡುವಂತೆ ಬರೆದಿದ್ದರಿಂದ ಅವರಿಗೆ ಇನ್ನೊಂದು ಸಾಲು ಕಟ್ಟಿದೆವು, ಹಳೆಯ ಕ್ಲಾಸ್ ಒಂದನ್ನೂ ಮುಟ್ಟಲಿಲ್ಲ.

ಒಂದು ಕಿರಿಕಿರಿ ಮಾತ್ರ ಇದೆ. ತೀರ್ಮಾನ ಯಾರದು ಅಂತ ಕೋಡ್ ನೋಡಿದರೆ ತಕ್ಷಣ ಗೊತ್ತಾಗೋದಿಲ್ಲ. ಅದಕ್ಕೆ ತೀರ್ಮಾನದ ಜೊತೆಗೇ ಹ್ಯಾಂಡ್ಲರ್ ಹೆಸರು, ಕಾರಣ ಎರಡೂ ಸೇವ್ ಆಗುತ್ತವೆ. ಲೋಡ್ ಯಾಕೆ ನಿಂತಿದೆ ಅಂತ ರೈತರು ಕೇಳಿದರೆ ಗೇಟಿನ ಹುಡುಗನೇ ಸ್ಕ್ರೀನ್ ನೋಡಿ ಹೇಳುತ್ತಾನೆ. ಹಾಗಂತ ಎಲ್ಲ ಕಡೆ ಇದನ್ನು ಹಾಕಿಲ್ಲ. ಅದೇ ಸಾಫ್ಟ್‌ವೇರ್‌ನ ಹಮಾಲಿ ಲೆಕ್ಕದಲ್ಲಿ ಮೂರೇ ಷರತ್ತು, ಬದಲಾಗೋದೂ ಇಲ್ಲ. ಅಲ್ಲಿ ಇಫ್-ಎಲ್ಸ್ ಹಾಗೇ ಇದೆ.