‘ಹೋಗು ಹೋಗು’ ಅಂತ ಬಿಟ್ಟ ಮೇಲೂ ಪೊಲೀಸರು ದಂಡ ಹಾಕಬಹುದಾ?

ಹಾಕಬಹುದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರಶ್ನೆ ಕೇಳುವ ಬಹುಪಾಲು ಜನ ‘ಇಲ್ಲ’ ಎಂಬ ಉತ್ತರದ ಆಸೆಯಲ್ಲೇ ಇರುತ್ತಾರೆ. ರಸ್ತೆಬದಿಯಲ್ಲಿ ನಿಲ್ಲಿಸಿ, ನಾಲ್ಕು ಮಾತು ಬೈದು ಕಳಿಸಿದ್ದು ಕಾನೂನಿನ ಲೆಕ್ಕದಲ್ಲಿ ಶಿಕ್ಷೆಯೂ ಅಲ್ಲ, ಮಾಫಿಯೂ ಅಲ್ಲ. ಹಾಗಂತ ಪೊಲೀಸರು ಯಾವಾಗ ಬೇಕಾದರೂ, ಹೇಗೆ ಬೇಕಾದರೂ ದಂಡ ಹಾಕುವಂತೆಯೂ ಇಲ್ಲ. ಅವರಿಗೂ ಗಡುವು, ಷರತ್ತು ಇವೆ. ಅವು ಗೊತ್ತಿದ್ದರೆ, ಮನೆಗೆ ನೋಟಿಸ್ ಬಂದಾಗ ದುಡ್ಡು ಕಟ್ಟಿ ಮುಗಿಸಬೇಕೋ ಪ್ರಶ್ನೆ ಮಾಡಬೇಕೋ ಅಂತ ನೀವೇ ತೀರ್ಮಾನಿಸಬಹುದು.

ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತ, ಸಂಜೆ ಹೊತ್ತು, ಜಿಟಿಜಿಟಿ ಮಳೆ. ಜರ್ಕಿನ್ ಹಾಕಿಕೊಂಡ ಹುಡುಗನೊಬ್ಬ ಬೈಕಲ್ಲಿ ಬರುತ್ತಾನೆ. ಹೆಲ್ಮೆಟ್ ಇದೆ, ಆದರೆ ಪೆಟ್ರೋಲ್ ಟ್ಯಾಂಕ್ ಮೇಲಿದೆ. ಎಎಸ್‌ಐ ಕೈ ಅಡ್ಡ ಹಿಡಿಯುತ್ತಾರೆ.

‘ಏನಪ್ಪಾ, ಟ್ಯಾಂಕಿಗೆ ಹೆಲ್ಮೆಟ್ ಹಾಕಿದ್ದೀಯಾ?’

‘ಇಲ್ಲೇ ಸರ್, ಮೆಡಿಕಲ್ ಶಾಪಿಗೆ. ಅಜ್ಜಿಗೆ ಮಾತ್ರೆ ತರೋಕೆ.’

‘ಎಲ್ರೂ ಇಲ್ಲೇ ಅಂತಾನೇ ಹೇಳೋದು. ಇನ್ನೊಂದ್ಸಲ ಕಂಡ್ರೆ ಕೇಸ್ ಹಾಕ್ತೀನಿ ನೋಡು. ಹಾಕ್ಕೊಂಡು ಹೋಗು.’

ಹುಡುಗ ಹೆಲ್ಮೆಟ್ ಏರಿಸಿಕೊಂಡು ಹೊರಟ. ವಾರ ಕಳೆದ ಮೇಲೆ ಅಪ್ಪನ ಮೊಬೈಲಿಗೆ ಮೆಸೇಜು ಬಂತು. ಹೆಲ್ಮೆಟ್ ಇಲ್ಲದ ಸವಾರಿ, 500 ರೂಪಾಯಿ ದಂಡ. ಅಪ್ಪನ ಬೈಗುಳ ಬೇರೆ. ‘ಸಾಹೇಬ್ರೇ ಬಿಟ್ಟು ಕಳಿಸಿದ್ರು’ ಎಂಬ ಹುಡುಗನ ಮಾತನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ಅವನ ಮಾತು ನಿಜವೇ ಇರಬಹುದು. ಆದರೆ ದಂಡವೂ ಸರಿಯೇ ಇರಬಹುದು.

ಬಾಯಿಮಾತಿನ ಎಚ್ಚರಿಕೆಗೆ ಬೆಲೆ ಎಷ್ಟು?

ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲ ಅಂತ ಸಂವಿಧಾನದ 20(2)ನೇ ವಿಧಿ ಹೇಳುತ್ತದೆ. ಈ ವಾದವನ್ನು ತುಂಬ ಜನ ಎತ್ತುತ್ತಾರೆ. ಆದರೆ ಆ ರಕ್ಷಣೆ ಸಿಗಬೇಕಾದರೆ ಮೊದಲನೆಯ ಸಲ ಕೇಸ್ ನಡೆದು ಶಿಕ್ಷೆ ಆಗಿರಬೇಕು. ಎಎಸ್‌ಐ ಗದರಿಸಿದ್ದು ಶಿಕ್ಷೆ ಅಲ್ಲ. ಅದು ಎಲ್ಲೂ ದಾಖಲಾಗುವುದೂ ಇಲ್ಲ.

ಬಾಗಿಲು ನಿಜವಾಗಿ ಮುಚ್ಚುವುದು ದಂಡ ಕಟ್ಟಿ ರಸೀದಿ ಪಡೆದಾಗ. ಮೋಟಾರು ವಾಹನ ಕಾಯ್ದೆ 1988ರ 200ನೇ ಸೆಕ್ಷನ್ ಪ್ರಕಾರ, ಅಧಿಕಾರ ಇರುವ ಅಧಿಕಾರಿಗೆ ದಂಡ ಕಟ್ಟಿ ರಾಜಿ ಮಾಡಿಕೊಂಡರೆ ಅದೇ ತಪ್ಪಿಗೆ ಮತ್ತೆ ಕೇಸ್ ನಡೆಸುವಂತಿಲ್ಲ. ‘ರಸೀದಿ ಯಾಕಪ್ಪಾ, ಇನ್ನೂರು ಕೊಟ್ಟು ಹೋಗು’ ಅಂದಾಗ ಖುಷಿಯಿಂದ ಕೊಟ್ಟು ಬರುವವರು ಇದನ್ನು ಗಮನಿಸಬೇಕು. ಆ ಇನ್ನೂರರಿಂದ ಕಾನೂನಿನ ಪ್ರಕಾರ ಏನೂ ಮುಗಿದಿಲ್ಲ. ಅದೇ ತಪ್ಪಿಗೆ ನಾಳೆ ನೋಟಿಸ್ ಬಂದರೆ ತೋರಿಸಲು ನಿಮ್ಮ ಹತ್ತಿರ ಏನೂ ಇಲ್ಲ. ಸಾಲದ್ದಕ್ಕೆ, ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ದೂರು ಕೊಟ್ಟವರಿಗೆ ಮಾತ್ರ ವಿನಾಯಿತಿ.

ನಿಲ್ಲಿಸಿದ ಜಾಗದಲ್ಲೇ ಮಾಡಬೇಕಾದ ಕೆಲಸ

ಸಮವಸ್ತ್ರದಲ್ಲಿರುವ ಪೊಲೀಸರು ಕೈ ತೋರಿಸಿದರೆ ನಿಲ್ಲಿಸಿ. ಪಕ್ಕದ ಗಲ್ಲಿಗೆ ತಿರುಗಿಸಿಕೊಂಡು ಓಡಿದರೆ ಹೆಲ್ಮೆಟ್ಟಿನ ಕೇಸಿನ ಜೊತೆಗೆ ಇನ್ನೊಂದು ಕೇಸ್ ಸೇರಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ ಬದಿಗೆ ಬನ್ನಿ. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಕೇಳಿದರೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆಪ್‌ನಲ್ಲಿ ತೋರಿಸಿದರೆ ಸಾಕು. ಮಳೆಯಲ್ಲಿ ಕಾಗದ ಒದ್ದೆ ಮಾಡಿಕೊಳ್ಳುವ ಅಗತ್ಯ ಇಲ್ಲ. ಮುಳ್ಳಯ್ಯನಗಿರಿ ಕಡೆ ಹೊರಟವರು ಡಿಜಿಲಾಕರಿನ ದಾಖಲೆಗಳನ್ನು ಊರಲ್ಲೇ ತೆರೆದು, ಫೋನಿಗೆ ಇಳಿಸಿಕೊಂಡಿರಿ. ಮೇಲೆ ಹೋದಂತೆ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ.

ಬೈದು ಬಿಡುವ ಹಂತಕ್ಕೆ ಬಂದರೆ, ತಲೆ ತಗ್ಗಿಸಿ ಹೊರಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ. ‘ಸರ್, ಕೇಸ್ ಹಾಕಿದ್ದೀರಾ, ಇಲ್ವಾ?’ ಇದರಲ್ಲಿ ಸೊಕ್ಕು ಏನೂ ಇಲ್ಲ. ಮೆಷಿನ್‌ನಲ್ಲಿ ಗಾಡಿ ನಂಬರ್ ಹೊಡೆದಿದ್ದರೆ, ಗಾಡಿಯ ಫೋಟೊ ತೆಗೆದಿದ್ದರೆ ಅವರು ಅಲ್ಲೇ ಹೇಳಿಬಿಡುತ್ತಾರೆ. ಒಬ್ಬರು ನಿಮ್ಮ ಜೊತೆ ಮಾತಾಡುತ್ತಿರುವಾಗ ಹಿಂದೆ ನಿಂತ ಇನ್ನೊಬ್ಬರು ಫೋಟೊ ತೆಗೆದಿರುವುದೂ ಉಂಟು. ಅದು ಮಾತಾಡಿದವರಿಗೇ ಗೊತ್ತಿರುವುದಿಲ್ಲ. ಬಿಟ್ಟ ಮೇಲೂ ನೋಟಿಸ್ ಬರುವುದಕ್ಕೆ ಇದೂ ಒಂದು ಕಾರಣ. ಎಲ್ಲ ಸಲವೂ ಮೋಸ ಅಂದುಕೊಳ್ಳಬೇಡಿ.

ಹೊರಟ ಮೇಲೆ ಮುಂದೆ ಎಲ್ಲಾದರೂ ನಿಂತು ತಾರೀಕು, ಗಂಟೆ, ಜಾಗ, ಅವರು ಆಡಿದ ಮಾತು ಇಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ನೇಮ್‌ಪ್ಲೇಟ್ ಕಂಡಿದ್ದರೆ ಹೆಸರನ್ನೂ ಸೇರಿಸಿ. ಎಚ್ಚರಿಕೆ ಕೊಟ್ಟದ್ದಕ್ಕೆ ಪೊಲೀಸರ ಕಡೆ ದಾಖಲೆ ಇಲ್ಲವಾದ್ದರಿಂದ ಇರುವುದು ಇದೊಂದೇ.

ಸ್ಥಳದಲ್ಲೇ ದಂಡ ವಸೂಲಿ ಮಾಡುವ ಅಧಿಕಾರ ನಮ್ಮ ರಾಜ್ಯದಲ್ಲಿ ಎಎಸ್‌ಐ ಮತ್ತು ಅವರಿಗಿಂತ ಮೇಲಿನವರಿಗೆ. ಕೀ ಕಿತ್ತುಕೊಳ್ಳುವುದಂತೂ ಯಾವ ದರ್ಜೆಯವರೂ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆ ವೇಳೆ ಬೈಕಿನಿಂದ ಬಿದ್ದು ಪುಟ್ಟ ಮಗುವೊಂದು ಜೀವ ಕಳೆದುಕೊಂಡಿತು. ಆಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಸುಮ್ನೆ ಗಾಡಿ ಅಡ್ಡಗಟ್ಟಬಾರದು, ಕೀ ಕೀಳಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ.

ಕೇಸ್ ಬಿದ್ದಿದೆಯೋ ಇಲ್ಲವೋ ನೋಡುವುದು

ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ಹೋಗಿ ಗಾಡಿ ನಂಬರ್ ಹಾಕಿ. ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಅಂಕಿಗಳನ್ನೂ ಕೇಳಬಹುದು, ಅದಕ್ಕೆ ಆರ್‌ಸಿ ಪಕ್ಕದಲ್ಲಿರಲಿ. ಜಾಲತಾಣದ ಜಂಜಾಟ ಬೇಡ ಅನ್ನುವವರು ಸಂಚಾರ ಪೊಲೀಸ್ ಠಾಣೆಗೇ ಹೋಗಿ ನಂಬರ್ ಹೇಳಿದರೆ ನೋಡಿ ಹೇಳುತ್ತಾರೆ. ಗಾಡಿಗೆ ಜೋಡಿಸಿರುವ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಾಯಿಸಿ. ನೋಟಿಸ್ ಬಂದಿದ್ದೇ ಗೊತ್ತಾಗದೆ ಬಾಕಿ ಬೆಳೆಸಿಕೊಂಡವರು ಕೆಎ-18ರಲ್ಲೂ (ಚಿಕ್ಕಮಗಳೂರು) ಕೆಎ-13ರಲ್ಲೂ (ಹಾಸನ) ಕಡಿಮೆ ಇಲ್ಲ.

ವಾಟ್ಸ್‌ಆಪ್‌ನಲ್ಲಿ ‘ನಿಮ್ಮ ಚಲನ್’ ಅಂತ ಎಪಿಕೆ ಫೈಲ್ (ಫೋನಿಗೆ ಆಪ್ ಹಾಕುವ ಫೈಲ್) ಬಂದರೆ ಅದು ನೂರಕ್ಕೆ ನೂರು ವಂಚಕರ ಕೆಲಸ. ಒತ್ತಿದರೆ ಬ್ಯಾಂಕ್ ಖಾತೆ ಖಾಲಿ ಆಗಬಹುದು. ಸರ್ಕಾರಿ ಜಾಲತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಅಂತ ಮುಗಿಯುತ್ತದೆ. ಅದನ್ನು ನೋಡಿಕೊಂಡೇ ದುಡ್ಡು ಕಟ್ಟಿ.

ನೋಟಿಸ್ ಬಂತು, ಈಗೇನು?

ಮೊದಲು ಯಾವ ತಪ್ಪು ಅಂತ ಓದಿ. ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಹೆಲ್ಮೆಟ್ ಇಲ್ಲದ್ದು ಮೋಟಾರು ವಾಹನ ಕಾಯ್ದೆಯ 194ಡಿ ಸೆಕ್ಷನ್ನಿಗೆ ಬರುತ್ತದೆ. 2019ರ ತಿದ್ದುಪಡಿ ಕಾಯ್ದೆಯಲ್ಲಿ ಇದಕ್ಕೆ 1,000 ರೂಪಾಯಿ ಇತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಈ ತಪ್ಪಿಗೆ ಸ್ಥಳದಲ್ಲಿ ಎಚ್ಚರಿಸಿದರೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಎಎಸ್‌ಐ ಬಿಟ್ಟರು ಎಂಬ ಕಾರಣಕ್ಕೆ ಮೇಲೆ ಹೇಳಿದ ಹುಡುಗನ ನೋಟಿಸ್ ಬಿದ್ದುಹೋಗುವುದಿಲ್ಲ.

ಆದರೆ ಅತಿವೇಗ (183) ಮತ್ತು ಅಪಾಯಕಾರಿ ಚಾಲನೆ (184) ವಿಷಯದಲ್ಲಿ ಬೇರೆ ಕತೆ. ಮೊಬೈಲ್ ಹಿಡಿದು ಓಡಿಸುವುದು, ಕೆಂಪು ದೀಪ ದಾಟುವುದು, ಒನ್‌ವೇಯಲ್ಲಿ ಎದುರು ನುಗ್ಗುವುದು ಕೂಡ 2019ರಿಂದ 184ರ ಒಳಗೇ ಸೇರಿವೆ. ಈ ಎರಡು ಸೆಕ್ಷನ್‌ಗಳಿಗೆ ಕಾಯ್ದೆಯ 209ನೇ ಸೆಕ್ಷನ್ ಒಂದು ಬೇಲಿ ಹಾಕಿದೆ. ಕೋರ್ಟು ತಪ್ಪಿತಸ್ಥ ಅಂತ ತೀರ್ಪು ಕೊಡಬೇಕಾದರೆ ಮೂರರಲ್ಲಿ ಒಂದಾದರೂ ಆಗಿರಬೇಕು. ತಪ್ಪು ನಡೆದ ಹೊತ್ತಿನಲ್ಲೇ ‘ನಿನ್ನ ಮೇಲೆ ಕೇಸ್ ಹಾಕುವ ಬಗ್ಗೆ ಯೋಚಿಸುತ್ತೇವೆ’ ಅಂತ ಹೇಳಿರಬೇಕು. ಇಲ್ಲಾ, 14 ದಿನದೊಳಗೆ ಸವಾರನಿಗೋ ಗಾಡಿ ಮಾಲೀಕನಿಗೋ ನೋಟಿಸ್ ಕಳಿಸಿರಬೇಕು. ಇಲ್ಲಾ, 28 ದಿನದೊಳಗೆ ಸಮನ್ಸ್ (ಕೋರ್ಟಿಗೆ ಬರಬೇಕೆಂಬ ಆದೇಶ) ಜಾರಿಯಾಗಿರಬೇಕು. ವಿಳಾಸ ಎಷ್ಟು ಹುಡುಕಿದರೂ ಸಿಗದಿದ್ದರೆ ಅಥವಾ ಸವಾರನೇ ತಪ್ಪಿಸಿಕೊಂಡು ಓಡಾಡಿದ್ದರೆ ಈ ರಕ್ಷಣೆ ಇಲ್ಲ.

ನೋಡಿ, ಇಲ್ಲಿ ರಸ್ತೆಬದಿಯ ಎಚ್ಚರಿಕೆ ಸವಾರನ ಪರವಾಗಿ ಅಲ್ಲ, ಪೊಲೀಸರ ಪರವಾಗಿಯೇ ಕೆಲಸ ಮಾಡುತ್ತದೆ! ಬಿಟ್ಟರು ಅಂತ ನೀವು ಅಂದುಕೊಂಡ ಮಾತೇ ಕೇಸಿಗೆ ಬುನಾದಿ ಆಗಬಹುದು. ಅದಕ್ಕೇ ಅವರು ಆಡಿದ ಮಾತನ್ನು ಬರೆದಿಟ್ಟುಕೊಳ್ಳಿ ಅಂದದ್ದು. ‘ಇದಕ್ಕೆ ಕೇಸ್ ಹಾಕಬೇಕಾಗುತ್ತೆ’ ಅಂದಿದ್ದರೆ 209ರ ಮೊದಲ ಷರತ್ತು ಮುಗಿದ ಹಾಗೆ. ‘ಇನ್ನೊಂದ್ಸಲ ಸಿಕ್ರೆ ಹಾಕ್ತೀನಿ’ ಅಂದಿದ್ದರೆ ಅದು ಮುಂದಿನ ತಪ್ಪಿನ ಮಾತು, ಈ ತಪ್ಪಿನದಲ್ಲ ಅಂತ ವಕೀಲರು ವಾದ ಮಾಡಲು ಜಾಗ ಇದೆ. ಆಗ ಪೊಲೀಸರು 14 ಅಥವಾ 28 ದಿನದ ಲೆಕ್ಕ ತೋರಿಸಬೇಕಾಗುತ್ತದೆ.

ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ ಕೇಸಾದರೆ ಇನ್ನೊಂದು ನಿಯಮ ನೋಡಬೇಕು. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತಂದ 167ಎ ನಿಯಮದಲ್ಲಿ ನೋಟಿಸ್ 15 ದಿನದೊಳಗೆ ಕಳಿಸಬೇಕು ಅಂತ ಇತ್ತು. ನೋಟಿಸಿನಲ್ಲಿ ತಪ್ಪೂ ನಂಬರ್ ಪ್ಲೇಟೂ ಕಾಣುವ ಫೋಟೊ, ದಿನ, ಗಂಟೆ, ಜಾಗ, ಸೆಕ್ಷನ್ ಇರಬೇಕು. ಕ್ಯಾಮೆರಾಕ್ಕೆ ಸರ್ಕಾರದ ಅನುಮೋದನೆ ಪ್ರಮಾಣಪತ್ರವೂ ಬೇಕು. ಫೋಟೊ ಮಸುಕಾಗಿದ್ದರೆ, ನಿಮ್ಮದು ಸ್ಪ್ಲೆಂಡರ್ ಆಗಿದ್ದು ಚಿತ್ರದಲ್ಲಿ ಸ್ಕೂಟಿ ಇದ್ದರೆ ಅಲ್ಲೇ ಹಿಡಿಯಿರಿ.

ಗಡುವಿನ ಕೊನೆಯ ಗೋಡೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್. ಬರೀ ದಂಡ ಇರುವ ತಪ್ಪಿಗೆ 6 ತಿಂಗಳು ದಾಟಿದ ಮೇಲೆ, ಒಂದು ವರ್ಷದವರೆಗೆ ಜೈಲು ಇರುವ ತಪ್ಪಿಗೆ ಒಂದು ವರ್ಷ ದಾಟಿದ ಮೇಲೆ ಕೋರ್ಟು ಸಾಮಾನ್ಯವಾಗಿ ಕೇಸ್ ಕೈಗೆ ತೆಗೆದುಕೊಳ್ಳುವುದಿಲ್ಲ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ, ಇಲ್ಲಾ ನ್ಯಾಯದ ದೃಷ್ಟಿಯಿಂದ ಅಗತ್ಯ ಅನ್ನಿಸಿದರೆ ಮನ್ನಿಸಬಹುದು.

ಕಟ್ಟುವುದಾ, ಜಗಳ ಆಡುವುದಾ?

ತಪ್ಪು ಮಾಡಿದ್ದು ನಿಜ, ಫೋಟೊ ಸರಿಯಾಗಿದೆ, ದಿನದ ಲೆಕ್ಕವೂ ಸರಿ ಅಂದರೆ 500 ರೂಪಾಯಿ ಕಟ್ಟಿಬಿಡಿ. ವಕೀಲರ ಫೀಸು, ಕೆಲಸ ಬಿಟ್ಟು ಕೋರ್ಟಿಗೆ ಅಲೆಯುವ ದಿನಗಳು ಸೇರಿದರೆ ದಂಡಕ್ಕಿಂತ ಎಷ್ಟೋ ಜಾಸ್ತಿ ಆಗುತ್ತದೆ. ಹಳೆ ಬಾಕಿ ಇದ್ದವರು ರಿಯಾಯಿತಿಯ ಸುದ್ದಿಗೆ ಕಿವಿ ಕೊಟ್ಟಿರಿ. 2023ರ ಫೆಬ್ರುವರಿಯಲ್ಲೂ 2025ರ ಆಗಸ್ಟ್-ಸೆಪ್ಟೆಂಬರಿನಲ್ಲೂ ರಾಜ್ಯ ಸರ್ಕಾರ ಅರ್ಧಕ್ಕೆ ಅರ್ಧ ಬಿಟ್ಟಿತ್ತು. ಕುಡಿದು ಓಡಿಸಿದ ಕೇಸಿಗೆ ಮಾತ್ರ ಈ ಯಾವ ಲೆಕ್ಕವೂ ಇಲ್ಲ, ಅದು ನೇರ ಕೋರ್ಟಿಗೆ.

ನೋಟಿಸ್ ತಪ್ಪು ಅನ್ನಿಸಿದರೆ ದುಡ್ಡು ಕಟ್ಟಬೇಡಿ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ನೋಟಿಸ್ ಕೊಟ್ಟ ಠಾಣೆಗೆ ಬರವಣಿಗೆಯಲ್ಲಿ ಮನವಿ ಕೊಡಿ. ‘ದಿನಾಂಕ ಇಂಥದ್ದು, ಸಂಜೆ ಇಷ್ಟು ಗಂಟೆಗೆ ಇಂಥ ವೃತ್ತದಲ್ಲಿ ನನ್ನನ್ನು ತಡೆದು ಮೌಖಿಕವಾಗಿ ಎಚ್ಚರಿಸಿ ಕಳುಹಿಸಿದ್ದಾರೆ. ಕೇಸ್ ದಾಖಲಿಸುವ ವಿಷಯ ತಿಳಿಸಿಲ್ಲ. ದಯವಿಟ್ಟು ಫೋಟೊ ಮತ್ತು ವಿವರ ಒದಗಿಸಿ’ ಅಂತ ನಾಲ್ಕು ಸಾಲು ಸಾಕು. ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಕೇಸ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಅಲ್ಲಿ ತಪ್ಪಿಲ್ಲ ಅಂತ ಹೇಳಿ ವಾದಿಸುವ ಹಕ್ಕು ನಿಮಗಿದೆ. ಸಮನ್ಸ್ ಬಂದರೆ ಮಾತ್ರ ತಪ್ಪಿಸಬೇಡಿ.

ಎರಡನೇ ಸಲದ ವಿಷಯ ಬೇರೆ. ಹನುಮಂತಪ್ಪ ವೃತ್ತದಲ್ಲಿ ಬೈಸಿಕೊಂಡು, ಎಂ.ಜಿ. ರಸ್ತೆ ತಿರುವಿನಲ್ಲಿ ಮತ್ತೆ ಹೆಲ್ಮೆಟ್ ತೆಗೆದು ಟ್ಯಾಂಕ್ ಮೇಲಿಟ್ಟು ಸಿಕ್ಕಿಬಿದ್ದರೆ ಅದು ಹೊಸ ತಪ್ಪು. ‘ಈಗಷ್ಟೇ ವಾರ್ನಿಂಗ್ ಕೊಟ್ಟರಲ್ಲ ಸರ್’ ಅಂದರೆ ನಿಮಗೆ ಗೊತ್ತಿದ್ದೂ ಮಾಡಿದ್ದು ಅಂತ ನೀವೇ ಸಾಕ್ಷಿ ಹೇಳಿದ ಹಾಗೆ.

ಬೈಕನ್ನು ಬೇರೆಯವರಿಗೆ ಕೊಡುವ ಅಭ್ಯಾಸ ಇರುವವರಿಗೆ ಇನ್ನೊಂದು ಮಾತು. ಬೆಂಗಳೂರಿನಿಂದ ಬಂದ ಅಕ್ಕನ ಮಗ ನಿಮ್ಮ ಗಾಡಿಯಲ್ಲಿ ಕೈಮರದ ಕಡೆ ಹೋಗಿ ಬೈಸಿಕೊಂಡು ಬಂದಿದ್ದನ್ನು ಮನೆಯಲ್ಲಿ ಹೇಳಿರುವುದಿಲ್ಲ. ಆದರೆ ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಆ ಹೊತ್ತಿನಲ್ಲಿ ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ಹಾಗಾಗಿ ಕೀ ವಾಪಸ್ ಕೊಡುವಾಗಲೇ ‘ಎಲ್ಲಾದ್ರೂ ನಿಲ್ಸಿದ್ರಾ?’ ಅಂತ ಕೇಳಿಬಿಡಿ. ಮಾರಿದ ಗಾಡಿಯ ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲೇ ಇದ್ದರೆ ಈ ವಾರವೇ ಆರ್‌ಟಿಒಗೆ ಹೋಗಿ ಫಾರಂ 29 ಮತ್ತು 30 ಕೊಟ್ಟು ಹೆಸರು ಬದಲಾಯಿಸಿಕೊಳ್ಳಿ.