ಹಾಲಿನ ಡೇರಿಯಿಂದ ಪಾಠ: ಕೊರೊನಾ ಕಾಲದಲ್ಲಿ ನಮ್ಮ ಕ್ಲಸ್ಟರ್ ನಡೆಸಿದ ರೀತಿ

ಪಾಠದ ಹಾಳೆಗಳನ್ನು ಹಾಲಿನ ಡೇರಿಯಿಂದ ಮನೆಮನೆಗೆ ಮುಟ್ಟಿಸೋಣ ಅಂದಾಗ ನಮ್ಮ ಸಮಾಲೋಚನಾ ಸಭೆಯಲ್ಲಿ ಬಹಳ ಜನ ನಕ್ಕಿದ್ದರು. ಒಬ್ಬ ಹಿರಿಯ ಮಾಸ್ತರರಂತೂ "ಎರಡು ವಾರ ನಡೆದರೆ ಹೆಚ್ಚು" ಅಂದರು. ಅದು ಎರಡು ಶೈಕ್ಷಣಿಕ ವರ್ಷ ನಡೆಯಿತು. ಈಗಲೂ ಮಳೆಗಾಲದಲ್ಲಿ ನಡೆಯುತ್ತಿದೆ. ಬೇರೆ ಕಡೆಯ ಶಿಕ್ಷಕರು ಆಗಾಗ ಕೇಳುತ್ತಾರೆ, ಹೇಗೆ ಮಾಡಿದಿರಿ ಅಂತ. ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ ಘಟ್ಟದ ಅಂಚಿನ ಒಂದು ಕ್ಲಸ್ಟರ್, ಅಂದರೆ ಹತ್ತಿರದ ಶಾಲೆಗಳ ಗುಂಪು, ನಮ್ಮದು. ಆಗ ನಾನು ಸಿಆರ್‌ಪಿ, ಅಂದರೆ ಆ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ. 15ರ ಹತ್ತಿರ ಶಾಲೆ, ಎಲ್ಲ ಸೇರಿ 300 ಚಿಲ್ಲರೆ ಮಕ್ಕಳು, ಒಂದರಿಂದ ಏಳನೇ ತರಗತಿ. ಕೆಲವು ಶಾಲೆಗಳಲ್ಲಿ ಹತ್ತು ಮಕ್ಕಳೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ ದಾಟಿ, ಸಂಕ (ಹಳ್ಳದ ಕಾಲುಸೇತುವೆ) ದಾಟಿ ಹೋಗಬೇಕು. ಘಟ್ಟದ ಮೇಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೊದಲು ಕೈಕೊಟ್ಟದ್ದು ಮೊಬೈಲು. 2020ರ ಜೂನ್‌ನಲ್ಲಿ ಎಲ್ಲರಂತೆ ನಾವೂ ವಾಟ್ಸಾಪ್ ಗುಂಪು ಮಾಡಿದೆವು. ಸಮೀಕ್ಷೆ ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಅಂತ ಬಂತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಆ ಫೋನು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ, ಕತ್ತಲಾದ ಮೇಲೆ ಮನೆಗೆ ಬರುತ್ತದೆ. ಮನೆಯಲ್ಲಿ ಮೂರು ಮಕ್ಕಳಿದ್ದರೆ ಮೂವರಿಗೂ ಅದೊಂದೇ. ನಾವು ಕಳಿಸಿದ ವಿಡಿಯೊಗೆ "ಓಕೆ ಸರ್" ಅಂತ ಉತ್ತರ ಬರುತ್ತಿತ್ತು. ಬರೆಯುತ್ತಿದ್ದವರು ಅಪ್ಪಂದಿರು. ಕರೆಂಟು ಹೋದರೆ ಟವರೂ ಹೋಗುತ್ತದೆ. ಸಿಗ್ನಲ್ ಹುಡುಕಿಕೊಂಡು ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಒಬ್ಬಳು ಐದನೇ ತರಗತಿ ಹುಡುಗಿ ಕಾಲಿನ ತುಂಬ ಉಂಬಳ (ಜಿಗಣೆ) ಹತ್ತಿಸಿಕೊಂಡು, ಆ ರಕ್ತ ಒರೆಸುತ್ತಾ ಪಾಠ ನೋಡುತ್ತಿದ್ದಳು. ಅವಳನ್ನು ನೋಡಿದ ದಿನವೇ ನಮ್ಮ ಕ್ಲಸ್ಟರ್‌ನಲ್ಲಿ ಮೊಬೈಲ್ ವಿಡಿಯೊ ಪಾಠ ನಿಲ್ಲಿಸಿದೆ.

ಧ್ವನಿವರ್ಧಕವನ್ನೂ ನೋಡಿದೆವು. ಒಂದು ಊರಿನ ದೇವಸ್ಥಾನದ ಮೈಕಿನಲ್ಲಿ ಬೆಳಿಗ್ಗೆ ಬಾಯಿಲೆಕ್ಕ ಹೇಳಿಸಿದೆವು. ಮಳೆ ಹೊಯ್ಯುವಾಗ ತಗ್ಗಿನ ಮನೆಗಳಿಗೆ ಏನೂ ಕೇಳಿಸಲಿಲ್ಲ. ವಾರದೊಳಗೆ ಬಿಟ್ಟೆವು. ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿರುವ ಊರಿನಲ್ಲಿ ಇದು ನಡೆದೀತು.

ಆಮೇಲೆ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ. ಫೋನ್ ಇಲ್ಲದವರು, ಬರೀ ಕೀಪ್ಯಾಡ್ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಅಂತ ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು. ಆ ಪಟ್ಟಿಯನ್ನು ಕಚೇರಿಗೆ ಕೊಟ್ಟೆವು. ನಮ್ಮ ಕೆಲಸಕ್ಕೆ ಮಾತ್ರ ಬೇರೆ ಪಟ್ಟಿ ಮಾಡಿಕೊಂಡೆವು. ಅದರಲ್ಲಿ ಮಗುವಿನ ಹೆಸರಿನ ಮುಂದೆ ಬರೆದದ್ದು ಮೂರೇ ವಿಷಯ. ಮನೆ ಯಾವ ಕೇರಿಯಲ್ಲಿದೆ? ಫೋನು ಮನೆಯಲ್ಲಿ ಇರುವುದು ಎಷ್ಟು ಗಂಟೆಗೆ? ಆ ಮನೆಯಿಂದ ಡೇರಿಗೆ ಹಾಲು ತರುವವರು ಯಾರು? ಈ ಕೊನೆಯ ಪ್ರಶ್ನೆಯೇ ನಮ್ಮನ್ನು ಉಳಿಸಿದ್ದು. ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿತು, ಬಸ್ಸು ನಿಂತಿತು, ಅಂಗಡಿ ಮುಚ್ಚಿತು. ಹಾಲಿನ ಡೇರಿ ಒಂದು ದಿನವೂ ಮುಚ್ಚಲಿಲ್ಲ. ಎಮ್ಮೆ, ಆಕಳು ಲಾಕ್‌ಡೌನ್ ಕೇಳುವುದಿಲ್ಲವಲ್ಲ. ಎಷ್ಟೇ ಒಳಗಿನ ಮನೆಯಾದರೂ ದಿನಕ್ಕೆ ಒಂದು ಸಲವಾದರೂ ಯಾರೋ ಕ್ಯಾನು ಹಿಡಿದು ಬಂದೇ ಬರುತ್ತಾರೆ. ಅವರ ಕೈಯಲ್ಲೇ ಪಾಠದ ಹಾಳೆಯ ಕಟ್ಟು ಕಳಿಸಿದೆವು. ಹೈನು ಇಲ್ಲದ ಮನೆಯ ಕಟ್ಟನ್ನು ಪಕ್ಕದ ಮನೆಯವರು ಒಯ್ದು ಕೊಡುತ್ತಿದ್ದರು.

ವಾರದ ನಡೆ ಹೀಗಿತ್ತು. ವಾರಕ್ಕೆ ಎರಡು ದಿನ ಜಗಲಿ ಪಾಠ, ಉಳಿದ ದಿನ ಮನೆ ಪಾಠ. ಕೇರಿಯ ಮಕ್ಕಳೆಲ್ಲ ಒಂದೇ ಜಗಲಿಯಲ್ಲಿ, ತರಗತಿ ಯಾವುದೇ ಇರಲಿ. ಏಳೆಂಟು ಮಕ್ಕಳಿಗಿಂತ ಜಾಸ್ತಿ ಕೂರಿಸುತ್ತಿರಲಿಲ್ಲ. ದಕ್ಷಿಣ ಕನ್ನಡದ ಕಡೆ ವಠಾರ ಶಾಲೆ ಅಂತ ಮಾಡಿದರಲ್ಲ, ಹೆಚ್ಚುಕಡಿಮೆ ಅದೇ. ಬೇರೆ ಬೇರೆ ತರಗತಿಯವರನ್ನು ಒಟ್ಟಿಗೆ ಕೂರಿಸಿದರೆ ಗದ್ದಲ ಅಂತ ಕೆಲವರು ಹೆದರಿಸಿದರು. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿಕಲಿ ಮಾಡಿದ ಅಕ್ಕೋರಿಗೆ (ಶಿಕ್ಷಕಿಯರಿಗೆ) ಇದು ಯಾವ ಲೆಕ್ಕ? ಅವರು ಮೊದಲ ವಾರವೇ ಸಲೀಸಾಗಿ ನಡೆಸಿದರು. ಹಿರಿಯ ತರಗತಿ ಮಾತ್ರ ತೆಗೆದುಕೊಂಡು ಅಭ್ಯಾಸವಿದ್ದವರಿಗೆ ಒಂದು ತಿಂಗಳು ಬೇಕಾಯಿತು.

ಜಗಲಿಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಪಾಠ ವಿವರಿಸುತ್ತಾ ಕೂರುವುದಕ್ಕೆ ಅಲ್ಲಿ ಬಿಡುತ್ತಿರಲಿಲ್ಲ. ಎದುರಿಗೆ ಕೂತಾಗ ಮಾಡಲೇಬೇಕಾದದ್ದು ಮೂರು. ಮಗು ಗಟ್ಟಿಯಾಗಿ ಓದಬೇಕು, ಹೊಸ ಲೆಕ್ಕದ ಮೊದಲ ಹೆಜ್ಜೆಯನ್ನು ಕೈಯಿಂದ ಮಾಡಬೇಕು, ಹಿಂದಿನ ವಾರ ಬರೆದದ್ದನ್ನು ಅದರ ಎದುರಿಗೇ ತಿದ್ದಬೇಕು. ಬರವಣಿಗೆ, ಚಿತ್ರ, ಪರಿಸರ ಅಧ್ಯಯನ, ಕಂಠಪಾಠ ಎಲ್ಲ ಮನೆಗೆ. ಎದುರಿಗೆ ಸಿಗುವ ಒಂದೂವರೆ ತಾಸಿನಲ್ಲಿ ಪಾಠ ಓದಿ ಹೇಳಿದರೆ ಅದು ದಂಡ. ಬೇರೆ ಕ್ಲಸ್ಟರ್‌ಗಳಲ್ಲಿ ಎಡವಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಒಂದು ಜಗಲಿಯ ವಿಷಯ ಹೇಳುತ್ತೇನೆ. ಮೂರನೇ ತರಗತಿಯ ಹುಡುಗನೊಬ್ಬನಿಗೆ ಹತ್ತರ ಮನೆಯಿಂದ ಸಾಲ ತೆಗೆದು ಕಳೆಯುವ ಲೆಕ್ಕ ಹತ್ತುತ್ತಿರಲಿಲ್ಲ. 42ರಲ್ಲಿ 17 ಕಳೆಯಬೇಕು. ಅಕ್ಕೋರು ಗೋಟಡಿಕೆ ತರಿಸಿದರು. ಹತ್ತು ಹತ್ತರಂತೆ ನಾಲ್ಕು ಕೊಟ್ಟೆ (ಸಣ್ಣ ಚೀಲ) ಕಟ್ಟಿದರು, ಎರಡನ್ನು ಬಿಡಿಯಾಗಿ ಇಟ್ಟರು. "ಏಳು ಅಡಿಕೆ ಕೊಡು" ಅಂದರು. ಹುಡುಗ ಎರಡು ಅಡಿಕೆ ನೋಡಿದ, ಅಕ್ಕೋರ ಮುಖ ನೋಡಿದ. ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಒಂದು ಕೊಟ್ಟೆಯ ಗಂಟು ಬಿಚ್ಚಿದ, ಹನ್ನೆರಡನ್ನು ಎಣಿಸಿ ಏಳು ಕೊಟ್ಟ. ಆಮೇಲೆ ಇಡೀ ಒಂದು ಕೊಟ್ಟೆಯನ್ನೇ ಎತ್ತಿ ಕೊಟ್ಟು "ಇಪ್ಪತ್ತೈದು ಉಳೀತು" ಅಂದ. ಆ ವಾರದ ಅವನ ಹಾಳೆಯಲ್ಲಿ ಕಳೆಯುವ ಲೆಕ್ಕಗಳೆಲ್ಲ ಸರಿ ಇದ್ದವು. ಆ ಗಂಟು ಬಿಚ್ಚಿಸುವುದನ್ನು ಯಾವ ವಿಡಿಯೊದಲ್ಲೂ ಮಾಡಲು ಆಗುವುದಿಲ್ಲ.

ಈಗ ಹಾಳೆಯ ಕಟ್ಟು. ಒಂದು ಮಗುವಿಗೆ ವಾರಕ್ಕೆ ಎಂಟು ಪುಟ. ಮೊದಲು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದೆವು. ಪುಟಕ್ಕೆ ಒಂದು ರೂಪಾಯಿ. 300 ಮಕ್ಕಳಿಗೆ ವಾರಕ್ಕೆ 2,400 ರೂಪಾಯಿ ಆಯಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಹಣದಲ್ಲಿ ಅದು ಎಷ್ಟು ವಾರ ನಡೆದೀತು? ಆಗ ಒಂದು ಇಂಕ್ ಟ್ಯಾಂಕ್ ಪ್ರಿಂಟರ್ ಕೊಂಡೆವು. 14,000 ಆಸುಪಾಸು. ಅರ್ಧ ಹಣ ಹಳೆಯ ವಿದ್ಯಾರ್ಥಿಗಳದ್ದು, ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹುಡುಗರು ಕೊಟ್ಟರು. ಉಳಿದದ್ದನ್ನು ನಾವು ಶಿಕ್ಷಕರೇ ಹಾಕಿದೆವು. ಒಂದು ರೀಮ್ ಹಾಳೆ ಆಗ 220ರ ಹತ್ತಿರ ಇತ್ತು. ಎರಡೂ ಬದಿ ಮುದ್ರಿಸಿದರೆ ವಾರಕ್ಕೆ ಎರಡೂವರೆ ರೀಮ್ ಸಾಕು. ಶಾಯಿ ಸೇರಿ ವಾರಕ್ಕೆ 1,000-1,100 ರೂಪಾಯಿ. ಮಗುವಿಗೆ ತಿಂಗಳಿಗೆ 15 ರೂಪಾಯಿ ಒಳಗೇ ಬಂತು. ಫೋನಿಗೆ 28 ದಿನದ ರೀಚಾರ್ಜ್ ಹಾಕಿಸಲು ಆಗ 200ರ ಹತ್ತಿರ ಬೇಕಿತ್ತು. ಲೆಕ್ಕ ನೀವೇ ಹಾಕಿ. ಪ್ರಿಂಟರ್ ಹಣ ಎರಡೂವರೆ ತಿಂಗಳಲ್ಲಿ ವಾಪಸ್ ಬಂದ ಹಾಗಾಯಿತು.

ತೊಂದರೆ ಆದದ್ದು ಶಾಯಿಯದ್ದು. ಮೊದಲ ಕಟ್ಟುಗಳು ಆಗಸ್ಟ್ ಮಳೆಯಲ್ಲಿ ಹೋದವು. ಹಾಲು ತರುವವರ ಕೈ ಒದ್ದೆ, ಡೇರಿಯ ನೆಲ ಒದ್ದೆ. ಅಕ್ಷರವೆಲ್ಲ ನೀಲಿ ಕಪ್ಪಾಗಿ ಹರಡಿಕೊಂಡಿತು. ಸುಮಾರು ನೂರು ಮಕ್ಕಳ ಹಾಳೆ ಹಾಳಾಯಿತು. ಪ್ಲಾಸ್ಟಿಕ್ ಚೀಲ ಹಾಕಿದರೆ ಒಳಗೆ ಬೆವರಿ ಮತ್ತೂ ಕೆಟ್ಟಿತು. ಪರಿಹಾರ ಎರಡು. ನೀರಿಗೆ ಹರಡದ ಪಿಗ್ಮೆಂಟ್ ಕಪ್ಪು ಶಾಯಿ ಬಳಸುವ ಪ್ರಿಂಟರನ್ನೇ ಕೊಳ್ಳಿ, ಇದನ್ನು ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ. ನಾವು ಪ್ರಿಂಟರ್ ಬದಲಿಸಿಕೊಳ್ಳಲು ಎರಡು ಸಾವಿರ ಕೈಯಿಂದ ಹಾಕಿದೆವು. ಎರಡನೆಯದು, ಮುದ್ರಿಸಿದ ಹಾಳೆಯನ್ನು ಒಂದು ರಾತ್ರಿ ಒಲೆಯ ಅಟ್ಟದ ಮೇಲಿಟ್ಟು ಆಮೇಲೆ ಕಟ್ಟಿ. ಅಡಿಕೆ ಒಣಗಿಸುವ ಊರಿನವರಿಗೆ ಅಟ್ಟಕ್ಕೆ ಬರವಿಲ್ಲ ಅಲ್ವಾ.

ಕೇರಿಗೊಂದು ಬಣ್ಣದ ದಾರ ಕಟ್ಟುತ್ತಿದ್ದೆವು. ಹಾಲು ಅಳೆಯುವವರಿಗೆ ಹೆಸರು ಓದುವಷ್ಟು ಪುರುಸೊತ್ತು ಇರುವುದಿಲ್ಲ, ದಾರ ನೋಡಿ ಕೊಡುತ್ತಾರೆ. ಮಂಗಳವಾರ ಸಂಜೆ ಹೊಸ ಕಟ್ಟು ಹೋಗುತ್ತಿತ್ತು, ಸೋಮವಾರ ಬೆಳಿಗ್ಗೆ ಬರೆದ ಹಾಳೆ ವಾಪಸ್ ಬರುತ್ತಿತ್ತು. ಬಂದ ಹಾಳೆಯನ್ನು ಒಂದು ದಿನ ತಗಡಿನ ಟ್ರಂಕಿನಲ್ಲಿಟ್ಟು ಆಮೇಲೆ ಮುಟ್ಟುತ್ತಿದ್ದೆವು. ಆಗಿನ ಭಯ ಹಾಗಿತ್ತು. ಮೊದಲ ತಿಂಗಳು ವಾಪಸ್ ಬಂದದ್ದು ಅರ್ಧ ಮಾತ್ರ. ಆಮೇಲೆ ಹತ್ತಕ್ಕೆ ಒಂಬತ್ತು ಬರಲು ಶುರುವಾಯಿತು. ಯಾರಿಗೂ ನೆನಪಿಸಬೇಕಾಗಲಿಲ್ಲ. ಕಾರಣ ಎಂಟನೇ ಪುಟ. ಅದರಲ್ಲಿ ಏನು ಹಾಕುತ್ತಿದ್ದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಕ್ಲಸ್ಟರ್‌ನ ಅಕ್ಕೋರು ಕೂತು ಕಟ್ಟಿದ ಉಪಾಯ. ನಿಮ್ಮೂರಿನ ಮಕ್ಕಳು ಯಾವುದಕ್ಕೆ ಕಾಯುತ್ತಾರೆ ಅಂತ ನೋಡಿದರೆ ನಿಮಗೂ ಸಿಗುತ್ತದೆ.

ಫೋನನ್ನು ಪೂರ್ತಿ ಬಿಡಲಿಲ್ಲ. ಕೀಪ್ಯಾಡ್ ಫೋನಿನ ಕಾನ್ಫರೆನ್ಸ್ ಕರೆ ಇದೆಯಲ್ಲ, ಅದನ್ನು ಬಳಸಿದೆವು. ರಾತ್ರಿ ಏಳೂವರೆಗೆ, ಅಪ್ಪ ಮನೆಗೆ ಬಂದ ಮೇಲೆ. ಒಬ್ಬ ಶಿಕ್ಷಕರು, ಐದು ಮನೆ, ಹದಿನೈದು ಇಪ್ಪತ್ತು ನಿಮಿಷ. ಒಬ್ಬರು ನಾಲ್ಕು ಸಾಲು ಓದಬೇಕು, ಉಳಿದವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಹೋಗಬೇಕು. ನಡುವೆ ಹೆಸರು ಕರೆದರೆ ಅಲ್ಲಿಂದಲೇ ಮುಂದುವರಿಸಬೇಕು. ಡೇಟಾ ಬೇಡ, ಆ್ಯಪ್ ಬೇಡ. ಮನೆಯವರೆಲ್ಲ ಸುತ್ತ ಕೂತು ಕೇಳುತ್ತಿದ್ದರು. "ಮಾಸ್ತರ್ರೆ, ಅವ ಇವತ್ತು ಮಧ್ಯಾಹ್ನವೇ ಓದಿಟ್ಟುಕೊಂಡಿದ್ದ" ಅಂತ ಒಬ್ಬಳು ಅಜ್ಜಿ ಮೊಮ್ಮಗನ ಪರ ಸಾಕ್ಷಿ ಹೇಳಿದ್ದು ನೆನಪಿದೆ.

ಮೆಮೊರಿ ಕಾರ್ಡ್ ಪ್ರಯೋಗವನ್ನೂ ಮಾಡಿದೆವು. 4 ಜಿಬಿ ಕಾರ್ಡುಗಳು, ಒಂದಕ್ಕೆ 250 ಇರಬೇಕು, ಹತ್ತಿಪ್ಪತ್ತು ಕೊಂಡೆವು. ನಲಿಕಲಿ ಹಾಡು, ಪದ್ಯ, ಕಥೆಗಳನ್ನು ನಮ್ಮ ಅಕ್ಕೋರ ದನಿಯಲ್ಲೇ ಧ್ವನಿಮುದ್ರಿಸಿ ಕೀಪ್ಯಾಡ್ ಫೋನಿಗೆ ಹಾಕಿಕೊಟ್ಟೆವು. ಒಂದು, ಎರಡನೇ ತರಗತಿಗಳಿಗೆ ಬಹಳ ಚೆನ್ನಾಗಿ ಆಯಿತು. ತಮ್ಮ ಅಕ್ಕೋರ ದನಿ ಕೇಳಿದರೆ ಮಕ್ಕಳಿಗೆ ಹಿಗ್ಗು. ಆದರೆ ಪದ್ಯ ಬಾಯಿಗೆ ಬಂತೇ ಹೊರತು ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಲೆಕ್ಕಕ್ಕಂತೂ ಅದು ಉಪಯೋಗವಿಲ್ಲ. ಹಣ ಇದ್ದರೆ ಮಾಡಿ, ಇಲ್ಲದಿದ್ದರೆ ಆ ಹಣ ಹಾಳೆಗೆ ಹಾಕಿ.

ಅಕ್ಟೋಬರ್ 10ಕ್ಕೆ ವಿದ್ಯಾಗಮ ನಿಂತಿತು. ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಕೆಲವು ಕಡೆಯಿಂದ ಬಂದ ಮೇಲೆ ಸರ್ಕಾರ ನಿಲ್ಲಿಸಿತು. ನಮ್ಮನ್ನು ನಂಬದವರು "ಮುಗೀತಲ್ಲ" ಅಂದರು. ಮುಗಿದದ್ದು ಜಗಲಿ ಪಾಠ ಮಾತ್ರ. ಹಾಳೆಯೂ ರಾತ್ರಿ ಕರೆಯೂ ಮರುದಿನದಿಂದಲೇ ಮುಂದುವರಿದವು, ಕರೆ ವಾರಕ್ಕೆ ಎರಡಿದ್ದದ್ದು ನಾಲ್ಕಾಯಿತು. ಎದುರಿಗೆ ಓದಿಸುವುದು ಹೇಗೆ ಅನ್ನುವುದೊಂದೇ ಉಳಿಯಿತು. ಅಷ್ಟು ಹೊತ್ತಿಗೆ ಅಡಿಕೆ ಕೊಯ್ಲು ಬಂತು. ಸಂಜೆಯಿಂದ ಅಡಿಕೆ ಸುಲಿಯುವವರು ಮೆಟ್ಟುಗತ್ತಿ (ಸುಲಿಯುವ ಕತ್ತಿ) ಇಟ್ಟುಕೊಂಡು ತಾಸುಗಟ್ಟಲೆ ಕೂರುತ್ತಾರೆ. ಆ ಮನೆಯ ಮಕ್ಕಳೇ ಅವರಿಗೆ ಕಥೆ ಓದಿ ಹೇಳಲಿ ಅಂದೆವು. ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನು ಡೇರಿಯಿಂದಲೇ ಕಳಿಸಿದೆವು. ಸುಲಿಯುವ ಹೆಂಗಸರು ತಪ್ಪು ಓದಿದರೆ ಬಿಡಲಿಲ್ಲ, ಅರ್ಥವಾಗದಿದ್ದರೆ ಮತ್ತೊಮ್ಮೆ ಓದಿಸಿದರು. ಒಂದು ಮನೆಯಲ್ಲಿ ಆರನೇ ತರಗತಿ ಹುಡುಗಿ ಸುಗ್ಗಿ ಮುಗಿಯುವಷ್ಟರಲ್ಲಿ ಇಪ್ಪತ್ತರ ಹತ್ತಿರ ಪುಸ್ತಕ ಓದಿದಳು. ಯಾವ ತರಬೇತಿಯಲ್ಲೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಈ ಒಂದು ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ.

2021ರ ಜನವರಿಯಲ್ಲಿ ಆರು, ಏಳನೇ ತರಗತಿಯವರು ಶಾಲೆಯ ಆವರಣಕ್ಕೆ ಬಂದರು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಮುಚ್ಚಿತು. ಆ ಎರಡು ತಿಂಗಳು ಕಷ್ಟದವು. ಕೆಲವು ಶಿಕ್ಷಕರು ಕೋವಿಡ್ ಕರ್ತವ್ಯಕ್ಕೆ ಹೋದರು, ಕೆಲವು ಮನೆಗಳಲ್ಲಿ ಸಾವಾಯಿತು. ಅಂಥ ಮನೆಗಳಿಗೆ ಲೆಕ್ಕದ ಹಾಳೆ ಕಳಿಸಲಿಲ್ಲ, ಚಿತ್ರ ಬಿಡಿಸುವ ಹಾಳೆ ಮತ್ತು ಅಕ್ಕೋರ ಕೈಬರಹದ ಒಂದು ಕಾಗದ ಕಳಿಸಿದೆವು. ಆ ವರ್ಷ ಪಠ್ಯಪುಸ್ತಕ ತಡವಾಯಿತು. ಹಿಂದಿನ ವರ್ಷದವರ ಪುಸ್ತಕ ವಾಪಸ್ ಪಡೆದು ಹಂಚಿದೆವು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚುವ ದಿನ ಪೋಷಕರೆಲ್ಲ ಶಾಲೆಗೆ ಬರುತ್ತಿದ್ದರಲ್ಲ, ಸಾಲಿನಲ್ಲಿ ನಿಂತಾಗಲೇ ಒಬ್ಬೊಬ್ಬರಿಗೂ ಅವರ ಮಗುವಿನ ಹಾಳೆ ತೋರಿಸಿ ಮಾತಾಡುತ್ತಿದ್ದೆವು. ಬೇರೆ ಪೋಷಕರ ಸಭೆ ಬೇಕಾಗಲಿಲ್ಲ.

2021ರ ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿ ತೆರೆಯಿತು. ಮೊದಲ ವಾರವೇ ಎಲ್ಲ ಶಾಲೆಗಳಲ್ಲಿ ಓದಿಸಿ ನೋಡಿದೆವು. ಮೂರನೇ ತರಗತಿಯಲ್ಲಿ ಹತ್ತಕ್ಕೆ ಆರೇಳು ಮಕ್ಕಳು ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದಿದರು. ಒಂದನೇ ತರಗತಿಯಲ್ಲಿದ್ದಾಗ ಮಾರ್ಚ್‌ನಲ್ಲಿ ಶಾಲೆ ಬಿಟ್ಟು, ನೇರ ಮೂರನೆಯದಕ್ಕೆ ಬಂದು ಕೂತ ಮಕ್ಕಳು ಇವರು. ನಕ್ಕಿದ್ದ ಆ ಹಿರಿಯ ಮಾಸ್ತರರೇ ಒಂದು ಶಾಲೆಯಲ್ಲಿ ಓದಿಸಿ ನೋಡಿದವರು. ಮುಂದಿನ ವಾರ ಬಂದು ಎಂಟನೇ ಪುಟದ ವಿಷಯ ಕೇಳಿದರು. ಅವರಿಗೆ ಹೇಳಿದೆ. ಗುಣಾಕಾರದಲ್ಲಿ ಮಾತ್ರ ನಮ್ಮ ಮಕ್ಕಳೂ ಹಿಂದಿದ್ದರು, ಅದನ್ನು ಸರಿಮಾಡಲು ಪೂರ್ತಿ ಒಂದು ವರ್ಷ ಹಿಡಿಯಿತು. 2022-23ರಲ್ಲಿ ತಪ್ಪಿದ ಕಲಿಕೆ ತುಂಬಿಸಲು ಸರ್ಕಾರದ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂದು ಎಲ್ಲರಿಗೂ ಕಲಿಕಾ ಹಾಳೆ ಕೊಟ್ಟಾಗ ನಮ್ಮ ಮಕ್ಕಳಿಗೆ ಅದರ ರೂಢಿ ಆಗಲೇ ಇತ್ತು.

ಈಗ ಇದನ್ನು ಮಳೆ ರಜೆಗೆ ಬಳಸುತ್ತಿದ್ದೇವೆ. ಜುಲೈನಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಕೆಲವೊಮ್ಮೆ ಸತತ ಮೂರ್ನಾಲ್ಕು ದಿನ ಹೋಗುತ್ತದೆ. ಜೂನ್ ಮೊದಲ ವಾರವೇ ಎರಡು ಕಟ್ಟು ಮುದ್ರಿಸಿ ಅಟ್ಟದ ಮೇಲೆ ಇಟ್ಟಿರುತ್ತೇವೆ. ರಜೆಯ ಆದೇಶ ಬಂದ ಸಂಜೆಯೇ ಡೇರಿಗೆ ಹೋಗುತ್ತದೆ. ಪ್ರಿಂಟರ್ ಆಗ ಬದಲಿಸಿಕೊಂಡದ್ದೇ. ಒಮ್ಮೆ ಹೆಡ್ ಬದಲಿಸಲು ಎರಡೂವರೆ ಸಾವಿರದ ಹತ್ತಿರ ಆಯಿತು, ಅದನ್ನು ಬಿಟ್ಟರೆ ಬೇರೆ ಖರ್ಚು ಬಂದಿಲ್ಲ.